ಟಾಕೀಸ್ ಹೋಯ್ತು, ಸ್ಟಾಪ್ ಉಳೀತು: ಬೆಂಗಳೂರು ಯಾವುದನ್ನು ನೆನಪಿಡುತ್ತೆ, ಯಾವುದನ್ನು ಮರೆಯುತ್ತೆ

ಬಸ್ಸಿನ ಬೋರ್ಡಿನ ಮೇಲೆ ಕೆಂಪೇಗೌಡ ಬಸ್ ನಿಲ್ದಾಣ ಅಂತ ಬರೆದಿರುತ್ತೆ. ಕಂಡಕ್ಟರ್ ಕೂಗೋದು ಮಾತ್ರ ‘ಮೆಜೆಸ್ಟಿಕ್, ಮೆಜೆಸ್ಟಿಕ್’. ಆ ಹೆಸರು ಬಂದಿದ್ದು ಹತ್ತಿರದಲ್ಲೇ ಇದ್ದ ಒಂದು ಟಾಕೀಸಿನಿಂದ. ಟಾಕೀಸು ಈಗಿಲ್ಲ. ಅದರಲ್ಲಿ ಒಂದೇ ಒಂದು ಸಿನಿಮಾ ನೋಡದವರೂ ದಿನಾ ಅದರ ಹೆಸರು ಹೇಳಿ ಟಿಕೆಟ್ ತೆಗೆದುಕೊಳ್ಳುತ್ತಾರೆ. ಇನ್ನು ಬಸ್ ನಿಲ್ದಾಣ ಇರುವ ಜಾಗವೇ ಒಂದು ಕಾಲಕ್ಕೆ ಕೆರೆ. ಧರ್ಮಾಂಬುಧಿ ಅಂತ ಅದರ ಹೆಸರು. ಅದು ಮಾತ್ರ ಯಾರ ಬಾಯಲ್ಲೂ ಇಲ್ಲ.

ಇಲ್ಲೊಂದು ಒಗಟಿದೆ. ಸಿನಿಮಾ ಮಂದಿರವೊಂದರ ಹೆಸರು ಉಳಿಯಿತು, ಪೇಟೆಗೆಲ್ಲ ನೀರು ಕೊಟ್ಟ ಕೆರೆಯ ಹೆಸರು ಹೋಯಿತು. ಯಾಕೆ? ಕಟ್ಟಡ ಎಷ್ಟು ದೊಡ್ಡದು, ಎಷ್ಟು ಚೆನ್ನಾಗಿತ್ತು ಅನ್ನೋದಕ್ಕೂ ಇದಕ್ಕೂ ಅಷ್ಟಾಗಿ ಸಂಬಂಧವಿಲ್ಲ. ನನಗೆ ಅನ್ನಿಸುವುದು ಇಷ್ಟು: ಒಂದು ಜಾಗವನ್ನು ದಿನಾ ಬಳಸುತ್ತಿದ್ದ ಜನ ಆಮೇಲೂ ಅದೇ ದಾರಿಯಲ್ಲಿ ಓಡಾಡಿಕೊಂಡಿದ್ದರೆ ನೆನಪು ಉಳಿಯುತ್ತೆ. ಅವರು ಚದುರಿಹೋದರೆ ಕಟ್ಟಡ ನಿಂತಿದ್ದರೂ ಹೆಸರು ಸಾಯುತ್ತೆ. ಬೆಂಗಳೂರಿನ ರಸ್ತೆಗಳನ್ನೇ ಹಿಡಿದು ಇದನ್ನು ನೋಡೋಣ.

ಬೋರ್ಡು ಬದಲಾದರೆ ಸಾಲದು

ರೆಸಿಡೆನ್ಸಿ ರೋಡಿಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ ಅಂತ ಹೆಸರಿಟ್ಟು ಬಹಳ ಕಾಲವಾಯಿತು. ಆಟೋದವರಿಗೆ ಹಾಗೆ ಹೇಳಿ ನೋಡಿ. ‘ಅದೆಲ್ಲಿ ಬರುತ್ತೆ ಸಾರ್?’ ಅಂತಾರೆ. ಡಬಲ್ ರೋಡು ಕಾಗದದಲ್ಲಿ ಕೆಂಗಲ್ ಹನುಮಂತಯ್ಯ ರಸ್ತೆ, ಮಾತಿನಲ್ಲಿ ಡಬಲ್ ರೋಡೇ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ಸರ್ಕಲ್ ಮಾತ್ರ ಇವತ್ತಿಗೂ ಮೈಸೂರು ಬ್ಯಾಂಕ್ ಸರ್ಕಲ್. ಪ್ರತಿಭಟನೆ ಮಾಡುವವರೂ ಅದನ್ನೇ ಹೇಳುತ್ತಾರೆ, ಟ್ರಾಫಿಕ್ ಪೊಲೀಸರೂ ಅದನ್ನೇ ಹೇಳುತ್ತಾರೆ.

ಹಾಗಂತ ಹಳೇ ಹೆಸರು ಯಾವತ್ತೂ ಗೆಲ್ಲುತ್ತೆ ಅಂದುಕೊಳ್ಳಬೇಡಿ. ಎಂ.ಜಿ. ರೋಡಿಗೆ ಮೊದಲು ಸೌತ್ ಪರೇಡ್ ಅಂತ ಹೆಸರಿತ್ತು. 1948ರಲ್ಲಿ ಮಹಾತ್ಮ ಗಾಂಧಿ ರಸ್ತೆ ಆಯಿತು. ಈಗ ಸೌತ್ ಪರೇಡ್ ಅಂತ ಯಾರಾದರೂ ಅಂತಾರಾ? ಕಸ್ತೂರ್ಬಾ ರಸ್ತೆ ಹಿಂದೆ ಸಿಡ್ನಿ ರೋಡು. ಅದೂ ಮಾಯ. ನೃಪತುಂಗ ರಸ್ತೆಗೆ ಸೆನೊಟಾಫ್ ರೋಡು ಅಂತಿದ್ದರು. 1791ರ ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಸೈನ್ಯದವರ ನೆನಪಿಗೆ ಈಗಿನ ಕಾರ್ಪೊರೇಷನ್ ಹತ್ತಿರ ಒಂದು ಕಂಬ ನಿಲ್ಲಿಸಿದ್ದರು. 1964ರಲ್ಲಿ ಅದನ್ನು ಕೆಡವಿದರು. ಕಂಬದ ಜೊತೆ ರಸ್ತೆಯ ಹೆಸರೂ ಹೋಯಿತು. ಯಾರೂ ಅತ್ತಿದ್ದು ಕಾಣೆ.

ವ್ಯತ್ಯಾಸ ಎಲ್ಲಿದೆ ನೋಡಿ. ಸೌತ್ ಪರೇಡ್ ಅನ್ನುತ್ತಿದ್ದವರಲ್ಲಿ ದಂಡಿನ ಬ್ರಿಟಿಷ್ ಸೈನಿಕರು, ಅಧಿಕಾರಿಗಳು, ಅವರ ಸುತ್ತ ಬದುಕು ಕಟ್ಟಿಕೊಂಡವರು ಜಾಸ್ತಿ. 1947ರ ಆಮೇಲೆ ಅವರಲ್ಲಿ ಎಷ್ಟೋ ಜನ ಹೊರಟುಹೋದರು. ಆ ಹೆಸರು ಹೇಳುವ ಬಾಯಿಗಳೇ ಕಡಿಮೆಯಾದವು. ರೆಸಿಡೆನ್ಸಿ ರೋಡಿನ ಹೆಸರು ಬದಲಾದಾಗ ಅಲ್ಲಿ ಓಡಾಡುತ್ತಿದ್ದವರು ಇಲ್ಲೇ ಇದ್ದರು. ಅಂಗಡಿ, ಸ್ಕೂಲು, ಆಫೀಸು ಎಲ್ಲ ಹಾಗೇ ಇತ್ತು. ಸುಮ್ನೆ ಬೋರ್ಡು ಬದಲಾದರೆ ಅವರು ಯಾಕೆ ನಾಲಗೆ ಬದಲಾಯಿಸಬೇಕು?

ಪೇಟೆಯಲ್ಲಂತೂ ಇದು ಇನ್ನೂ ಸ್ಪಷ್ಟ. ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ಹೀಗೆ ಕಸುಬಿನ ಮೇಲೆ, ಸರಕಿನ ಮೇಲೆ ಬಂದ ಹೆಸರುಗಳು. ಕಸುಬು ಅಲ್ಲಿಂದ ಎದ್ದುಹೋದರೂ ಹೆಸರು ಕೂತಲ್ಲೇ ಕೂತಿದೆ. ಬಳೇಪೇಟೆಗೆ ಹೋದವರು ವೀಣೆ, ತಬಲ, ಹಾರ್ಮೋನಿಯಂ ಹೊತ್ತುಕೊಂಡು ಬರುತ್ತಾರೆ. ಅವೆನ್ಯೂ ರೋಡನ್ನು ದೊಡ್ಡಪೇಟೆ ಅಂತ ಕರೆಯುವ ಹಿರಿಯರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅಂಗಡಿ ಅಪ್ಪನಿಂದ ಮಗನಿಗೆ ಬಂದ ಕಡೆ ಮಾತೂ ಹಾಗೇ ಬರುತ್ತೆ.

ಎರಡು ಕೆರೆಗಳ ಕಥೆ

ಕೆರೆಗಳ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಬೆಂಗಳೂರಿನಲ್ಲಿ ಕಟ್ಟಡಕ್ಕಿಂತ ಮೊದಲು ಮಾಯವಾಗಿದ್ದು ನೀರು.

ಈ ಊರಿಗೆ ದೊಡ್ಡ ನದಿ ಇಲ್ಲ. ಏರಿ ಕಟ್ಟಿ ಮಳೆನೀರು ನಿಲ್ಲಿಸಿಕೊಂಡೇ ಊರು ಬೆಳೆಯಿತು. ಒಂದು ಕೆರೆ ತುಂಬಿದರೆ ಕೋಡಿ ಹರಿದು ಕಾಲುವೆ ಹಿಡಿದು ಮುಂದಿನ ಕೆರೆಗೆ. ಧರ್ಮಾಂಬುಧಿ ಪೇಟೆಯ ಮುಖ್ಯ ಕೆರೆಗಳಲ್ಲಿ ಒಂದು. ಅದಕ್ಕೆ ಎರಡು ಕಡೆಯಿಂದ ಪೆಟ್ಟು ಬಿತ್ತು. ಒಂದು, ರೈಲು. ಹಳಿಗಾಗಿ ಏರಿಸಿದ ಮಣ್ಣು ಕೆರೆಗೆ ನೀರು ತರುವ ದಾರಿಗೆ ಅಡ್ಡ ಬಂತು. ಇನ್ನೊಂದು, ನಲ್ಲಿ. 1890ರ ದಶಕದಲ್ಲಿ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂದ ಮೇಲೆ ಕೆರೆಯ ಹೂಳು ತೆಗೆಯುವ ಗರಜು ಯಾರಿಗೂ ಉಳಿಯಲಿಲ್ಲ. ಬತ್ತಿದ ಕೆರೆ ಮೈದಾನವಾಯಿತು, ಸಭೆ ಸಮಾರಂಭಕ್ಕೆ ಜಾಗವಾಯಿತು, ಸುಭಾಷ್ ನಗರವಾಯಿತು, ಕೊನೆಗೆ ಬಸ್ ನಿಲ್ದಾಣವಾಯಿತು. ಪಕ್ಕದಲ್ಲೊಂದು ಟ್ಯಾಂಕ್ ಬಂಡ್ ರೋಡ್ ಇದೆ. ಅದು ಯಾವ ಟ್ಯಾಂಕು, ಯಾವ ಬಂಡು ಅಂತ ಅಲ್ಲಿ ಲಗೇಜು ಹಿಡಿದು ಓಡುವವರಿಗೆ ಕೇಳುವಷ್ಟು ಪುರಸೊತ್ತು ಇರಲ್ಲ. ಏರಿಯ ಹತ್ತಿರದ ಅಣ್ಣಮ್ಮ ದೇವಿ ಗುಡಿ ಮಾತ್ರ ಭಕ್ತರ ಸಾಲಿನ ಜೊತೆ ಈಗಲೂ ಇದೆ.

ಹೀಗೆ ಹೋದ ಕೆರೆಗಳ ಪಟ್ಟಿ ಉದ್ದ ಇದೆ. ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ ಹಾಕಿ ಸ್ಟೇಡಿಯಂ. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ. ಕೋರಮಂಗಲದ ಕೆರೆ ಅಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದ ಆಟಗಾರರಿಗಾಗಿ ಎದ್ದ ವಸತಿ ಕಟ್ಟಡಗಳು. ಈ ಊರಿನವರಿಗೆ ಕೆರೆ ಕಂಡರೆ ಆಟ ಆಡಬೇಕು ಅನ್ನಿಸುತ್ತಿತ್ತೋ ಏನೋ.

ಈ ಪಟ್ಟಿಯಲ್ಲೇ ಸಂಪಂಗಿ ಕೆರೆಯೂ ಇದೆ. ಅದು ಈಗ ಕಂಠೀರವ ಕ್ರೀಡಾಂಗಣ. ಆದರೆ ಸಂಪಂಗಿ ಕೆರೆಯನ್ನು ಊರು ಮರೆತಿಲ್ಲ. ಕಾರಣ ಕರಗ. ಕೆರೆಯ ಆಸುಪಾಸಿನಲ್ಲಿ ತಿಗಳರ ಹೂವು, ತರಕಾರಿ ತೋಟಗಳಿದ್ದವು. ಅವರ ಕರಗದ ಆಚರಣೆಗೆ ಈ ಕೆರೆ ಬೇಕೇ ಬೇಕು. ಕೆರೆ ಮುಚ್ಚಿದರೂ ಪೂಜೆಗೆ ಅಂತ ಒಂದು ಪುಟ್ಟ ಕೊಳವನ್ನು ಉಳಿಸಿಕೊಂಡರು. ಸ್ಟೇಡಿಯಂ ಬದಿಯಲ್ಲಿ, ಕಲ್ಲಿನ ಕಟ್ಟೆಯ ನಡುವೆ ಅದು ಇವತ್ತಿಗೂ ಇದೆ. ಪ್ರತಿ ವರ್ಷ ಚೈತ್ರದ ಹುಣ್ಣಿಮೆಯ ಹೊತ್ತಿಗೆ ಕತ್ತಿ ಹಿಡಿದ ವೀರಕುಮಾರರು, ಪೂಜಾರಿಗಳು, ಮನೆಮಂದಿ ಎಲ್ಲ ಅಲ್ಲಿಗೆ ಬರುತ್ತಾರೆ. ಹುಣ್ಣಿಮೆಯ ರಾತ್ರಿ ಮಲ್ಲಿಗೆ ಹೂವಿನ ಕರಗ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟು ಪೇಟೆಯ ಬೀದಿಗಳನ್ನು ಸುತ್ತುತ್ತೆ. ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗುತ್ತೆ.

ಇದನ್ನು ಭಕ್ತಿ ಅಂತ ನೋಡುವವರು ಹಾಗೆ ನೋಡಲಿ. ನಮ್ಮ ವಿಷಯಕ್ಕೆ ಬಂದರೆ, ಇದು ವರ್ಷಕ್ಕೊಮ್ಮೆ ಕಾಲಿನಿಂದ ಬರೆಯುವ ನಕ್ಷೆ. ಈ ಬೀದಿ, ಈ ತಿರುವು, ಈ ಕೊಳ ಅಂತ ದೊಡ್ಡವರ ಹಿಂದೆ ನಡೆಯುವ ಹುಡುಗ ಕಲಿತುಬಿಡುತ್ತಾನೆ. ಚಲ್ಲಘಟ್ಟಕ್ಕೆ ಇಂಥದ್ದೊಂದು ನಡಿಗೆ ಇರಲಿಲ್ಲ. ಎರಡೂ ಕೆರೆ ಹೋದವು. ಒಂದಕ್ಕೆ ವಾರಸುದಾರರು ಇದ್ದರು.

ಕಟ್ಟಡ ಬೀಳೋದು ಯಾಕೆ

‘ದುಡ್ಡಿನಾಸೆಗೆ ಕೆಡವಿದರು’ ಅಂತ ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಅದು ಪೂರ್ತಿ ಸುಳ್ಳಲ್ಲ. ಆದರೆ ಲೆಕ್ಕ ಹೇಗೆ ನಡೆಯುತ್ತೆ ಅಂತ ಗೊತ್ತಾದರೆ ಮುಂದೆ ಯಾವುದು ಬೀಳುತ್ತೆ ಅಂತಲೂ ಊಹಿಸಬಹುದು.

ಒಂದು ಹಳೇ ಬಂಗಲೆ ಇದೆ ಅಂದುಕೊಳ್ಳಿ. ಸೈಟು 10,000 ಚದರಡಿ. ಮನೆ 3,000 ಚದರಡಿ. ಮಂಗಳೂರು ಹೆಂಚು, ಕಿಟಕಿಯ ಮೇಲೆ ಮಂಕಿ ಟಾಪ್ ಅಂತಾರಲ್ಲ ಆ ಚೂಪು ಮರದ ಇಳಿಜಾರು, ಮುಂದೆ ಮಾವಿನ ಮರ. ಆ ರಸ್ತೆಯಲ್ಲಿ ಸೈಟಿನ ಎರಡೂಕಾಲು ಪಟ್ಟು ಕಟ್ಟಬಹುದು ಅಂತ ನಿಯಮ ಇದ್ದರೆ, ಅಲ್ಲಿ 22,500 ಚದರಡಿ ಏಳಬಹುದು. ಅಂದರೆ ಈಗಿನ ಮನೆ 19,500 ಚದರಡಿಯಷ್ಟು ಅವಕಾಶವನ್ನು ಸುಮ್ಮನೆ ಹಿಡಿದುಕೊಂಡು ಕೂತಿದೆ. ಕೊಳ್ಳುವವನು ಬೆಲೆ ಕಟ್ಟೋದು ಮನೆಗಲ್ಲ, ಆ 22,500ಕ್ಕೆ. ಅವನ ಲೆಕ್ಕದಲ್ಲಿ ಮನೆ ಅನ್ನೋದು ಕೆಡವುವ ಖರ್ಚು ಮಾತ್ರ.

ಅದರ ಮೇಲೆ ಪಾಲು. ಕಟ್ಟಿಸಿದವರು ಒಬ್ಬರು, ಮೂರನೇ ತಲೆಮಾರಿನ ಹೊತ್ತಿಗೆ ಹಕ್ಕುದಾರರು ಹತ್ತು ಹನ್ನೆರಡು. ಒಬ್ಬರು ಮೈಸೂರಲ್ಲಿ, ಇಬ್ಬರು ಅಮೆರಿಕದಲ್ಲಿ. ಹೆಂಚು ಸೋರಿದರೆ ಬದಲಾಯಿಸುವವರು ಯಾರು? ಮನೆಯನ್ನು ಹನ್ನೆರಡು ಭಾಗ ಮಾಡಲಾಗಲ್ಲ, ದುಡ್ಡನ್ನು ಮಾಡಬಹುದು. ಹೀಗಿರುವಾಗ ಮಾರಿದವರನ್ನು ಬೈಯೋದು ಸುಲಭ, ಅವರ ಜಾಗದಲ್ಲಿ ನಿಂತು ಬೇರೆ ದಾರಿ ಹೇಳೋದು ಕಷ್ಟ.

ಕಾನೂನು ಇಲ್ಲವೇ ಅಂದರೆ, 1961ರ ಕರ್ನಾಟಕದ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆ. ಅದರ ಕಣ್ಣು ಹೆಚ್ಚಾಗಿ ಗುಡಿ, ಕೋಟೆ, ಶಾಸನಗಳ ಕಡೆ. ಯಾರದ್ದೋ ಸ್ವಂತ ಬಂಗಲೆ, ಟಾಕೀಸು, ಹೋಟೆಲ್ಲು ಅದರ ಕೈಗೆ ಸಿಗೋದು ಕಡಿಮೆ. ಸರ್ಕಾರಿ ಕಟ್ಟಡಗಳೂ ಗಟ್ಟಿ ಅಂತ ತಿಳಿಯಬೇಡಿ. ಕಬ್ಬನ್ ಪಾರ್ಕಿನ ಕೆಂಪು ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟು, 1860ರ ದಶಕದ ಕಟ್ಟಡ. 1980ರ ದಶಕದಲ್ಲಿ ಅದನ್ನೂ ಕೆಡವುವ ಮಾತು ಬಂದಿತ್ತು. ಊರಿನವರು ಕೋರ್ಟಿಗೆ ಹೋದರು, ಗಲಾಟೆ ಮಾಡಿದರು, ಅದು ಉಳಿಯಿತು. ವಿಧಾನಸೌಧದ ಎದುರು ಆ ಕೆಂಪು ಗೋಡೆ ಇಲ್ಲ ಅಂತ ಒಂದು ಸಲ ಕಲ್ಪಿಸಿಕೊಳ್ಳಿ!

ಟಾಕೀಸುಗಳ ಲೆಕ್ಕ ಬೇರೆ. ಸಾವಿರ ಸೀಟಿನ ಒಂದೇ ಪರದೆ. ಸಿನಿಮಾ ಓಡಿದರೆ ಹಬ್ಬ, ಓಡದಿದ್ದರೆ ಸೀಟೆಲ್ಲ ಖಾಲಿ. ಮಲ್ಟಿಪ್ಲೆಕ್ಸಿನವರು ಅದೇ ಸಾವಿರ ಸೀಟನ್ನು ಐದಾರು ಪರದೆಗೆ ಹಂಚಿ, ಒಂದು ಸೋತರೆ ಇನ್ನೊಂದರಲ್ಲಿ ಎತ್ತುತ್ತಾರೆ. ಕಪಾಲಿ 2017ರಲ್ಲಿ ಮುಚ್ಚಿತು. ಬ್ರಿಗೇಡ್ ರೋಡಿನ ರೆಕ್ಸ್ 2018ರ ಕೊನೇ ದಿನ ಮುಚ್ಚಿತು. 1974ರಿಂದ ಇದ್ದ ಸ್ಯಾಂಕಿ ರಸ್ತೆಯ ಕಾವೇರಿ 2024ರಲ್ಲಿ. 1936ರ ಪ್ಲಾಜಾ ಹೋಗಿದ್ದು ಮೆಟ್ರೋಗೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮೊದಲ ರೈಲು ಬಂದು ನಿಂತ ಎಂ.ಜಿ. ರೋಡ್ ಸ್ಟೇಷನ್ ಇರುವುದು ಅದೇ ಜಾಗದಲ್ಲಿ. ಇಷ್ಟಾದರೂ ಕಾವೇರಿ ಜಂಕ್ಷನ್ ಕಾವೇರಿ ಜಂಕ್ಷನ್ನೇ. ಜಯನಗರದಲ್ಲಿ ನಂದಾ ಟಾಕೀಸ್ ಇಲ್ಲ, ‘ನಂದಾ ಟಾಕೀಸ್ ಸ್ಟಾಪಲ್ಲಿ ಇಳ್ಕೊಳ್ಳಿ’ ಅನ್ನೋದು ನಿಂತಿಲ್ಲ.

ಎರಡು ಮಿನರ್ವಾ

ಇಲ್ಲಿಗೆ ಬಂದಾಗ ನನಗೊಂದು ತಕರಾರಿದೆ. ಹೋದ ಬೆಂಗಳೂರಿನ ಬಗ್ಗೆ ಬರೆಯುವವರೆಲ್ಲ ಟಾಕೀಸು, ಕಾಫಿ, ಮಸಾಲೆ ದೋಸೆ, ಎಂ.ಜಿ. ರೋಡಿನ ಮರಗಳು ಅಂತ ಅಲ್ಲೇ ಸುತ್ತುತ್ತಾರೆ. ನಾನೂ ಇಷ್ಟು ಹೊತ್ತು ಅದನ್ನೇ ಮಾಡಿದೆ. ಬಿಡುವಿನ ಹೊತ್ತಿನಲ್ಲಿ ಹೋಗಿ ಬಂದ ಜಾಗಗಳು ಸಿಹಿಯಾಗಿ ನೆನಪಿರುತ್ತವೆ. ಕೆಲಸ ಮಾಡಿದ ಜಾಗಗಳ ಕಥೆ ಯಾರು ಹೇಳಬೇಕು?

ಲಾಲ್‌ಬಾಗ್ ಹತ್ತಿರದ ಮಿನರ್ವಾ ಸರ್ಕಲ್ ಎಲ್ಲರಿಗೂ ಗೊತ್ತು. ಅದು ಮಿನರ್ವಾ ಟಾಕೀಸಿನ ಹೆಸರು. ಇದೇ ಊರಲ್ಲಿ ಇನ್ನೊಂದು ಮಿನರ್ವಾ ಇತ್ತು, ಬಟ್ಟೆ ಮಿಲ್ಲು. ಅದನ್ನು ಸರ್ಕಾರ ವಶಕ್ಕೆ ತೆಗೆದುಕೊಂಡ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1980ರ ಆ ತೀರ್ಪು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಮುಟ್ಟುವಂತಿಲ್ಲ ಅನ್ನುವ ಮಾತನ್ನು ಇನ್ನಷ್ಟು ಗಟ್ಟಿ ಮಾಡಿತು. ದೇಶದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಯೂ ಮಿನರ್ವಾ ಮಿಲ್ಸ್ ಕೇಸು ಓದಿಯೇ ಪಾಸಾಗುತ್ತಾನೆ. ಆ ಮಿಲ್ಲು ಬೆಂಗಳೂರಿನದು ಅಂತ ಬೆಂಗಳೂರಿನ ಎಷ್ಟು ಜನಕ್ಕೆ ಗೊತ್ತು? ಸಿನಿಮಾ ತೋರಿಸಿದ ಮಿನರ್ವಾಗೆ ಸರ್ಕಲ್ ಸಿಕ್ಕಿತು, ಸಂವಿಧಾನದ ಪಾಠ ಬರೆಸಿದ ಮಿನರ್ವಾಗೆ ಒಂದು ಬಸ್ ಸ್ಟಾಪೂ ಸಿಗಲಿಲ್ಲ.

ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಈಗ ಮಾಲ್ ಇದೆ. ಎದುರಿನ ಮೆಟ್ರೋ ಸ್ಟೇಷನ್ನಿಗೂ ಆ ಮಾಲಿನ ಹೆಸರೇ ಅಂಟಿಕೊಂಡಿದೆ. ರಾಜಾಜಿನಗರದ ಗಡಿಯಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಕಡೆ ಒರಾಯನ್ ಮಾಲ್. ಕಾರ್ಖಾನೆಗಳು ಮುಚ್ಚಿದಾಗ ಅಲ್ಲಿ ದುಡಿಯುತ್ತಿದ್ದವರು ಬೇರೆ ಬೇರೆ ಕೆಲಸ ಹಿಡಿದು, ಊರಾಚೆಯ ಬಡಾವಣೆಗಳಿಗೆ ಚದುರಿದರು. ಶಿಫ್ಟಿನ ಸೈರನ್ ನಿಂತಿತು. ಆ ಗೇಟಿನ ಮುಂದೆ ಟೀ ಕುಡಿಯುವ ಕಾರಣವೂ ಮುಗಿಯಿತು.

ಬಿನ್ನಿ ಮಿಲ್ಲಿನ ಕಥೆ ಸ್ವಲ್ಪ ಬೇರೆ. 1884ರಲ್ಲಿ ಶುರುವಾದ ಆ ಮಿಲ್ಲು ಮುಚ್ಚಿ, ಜಾಗದಲ್ಲಿ ಅಪಾರ್ಟ್‌ಮೆಂಟ್ ಬಂದರೂ ಬಿನ್ನಿಪೇಟೆ ಇದೆ. ಮಿಲ್ಲಿನ ಸುತ್ತಲೇ ಮನೆ ಮಾಡಿಕೊಂಡ ಸಂಸಾರಗಳು ಅಲ್ಲಿಯೇ ಬೆಳೆದವು. ಹೆಸರು ಉಳಿಸಿಕೊಳ್ಳೋಕೆ ಆ ಸಂಸಾರಗಳು ಸಾಕಾದವು.

ನೆನಪನ್ನು ನಂಬೋದು ಎಷ್ಟು

ಹಿರಿಯರನ್ನು ಕೂರಿಸಿಕೊಂಡು ಹಳೇ ಬೆಂಗಳೂರಿನ ಬಗ್ಗೆ ಕೇಳಿದರೆ ಒಂದು ವಿಚಿತ್ರ ಗೊತ್ತಾಗುತ್ತೆ. ಜಾಗದ ವಿಷಯದಲ್ಲಿ ಅವರು ಗಟ್ಟಿ. ಯಾವ ಅಂಗಡಿಯ ಪಕ್ಕ ಯಾವುದು, ಮೆಟ್ಟಿಲು ಎಡಕ್ಕಿತ್ತಾ ಬಲಕ್ಕಿತ್ತಾ, ಟಿಕೆಟ್ ಕ್ಯೂ ಎಲ್ಲಿ ತಿರುಗುತ್ತಿತ್ತು, ಎಲ್ಲ ಕರಾರುವಾಕ್ಕು. ಇಸವಿ ಕೇಳಿದರೆ ಮಾತ್ರ ತಡವರಿಸುತ್ತಾರೆ. 60ರ ದಶಕದ್ದೂ 80ರ ದಶಕದ್ದೂ ಸೇರಿ ‘ಆಗಿನ ಕಾಲ’ ಆಗಿಬಿಡುತ್ತೆ. ಖಾಲಿ ರಸ್ತೆಗಳು ಇನ್ನೂ ಖಾಲಿಯಾಗುತ್ತವೆ, ಚಳಿ ಇನ್ನೂ ಜಾಸ್ತಿಯಾಗುತ್ತೆ.

ಇಸವಿ ಕೇಳಬೇಡಿ. ಯಾವ ಸಿನಿಮಾ ಓಡ್ತಿತ್ತು ಅಂತ ಕೇಳಿ. ಕನ್ನಡದವರಿಗೆ ಇದಕ್ಕಿಂತ ಒಳ್ಳೇ ಕ್ಯಾಲೆಂಡರ್ ಇಲ್ಲ. ‘ಸ್ಟೇಟ್ಸ್‌ನಲ್ಲಿ ಬಂಗಾರದ ಮನುಷ್ಯ ಓಡೋವಾಗ’ ಅಂದರೆ 1972ರಿಂದ ಎರಡು ವರ್ಷದ ಒಳಗೆ ಅಂತ ಲೆಕ್ಕ ಸಿಕ್ಕಿತು. ಅಷ್ಟೇ ಅಲ್ಲ, ಸ್ಟೇಟ್ಸ್ ಆಮೇಲೆ ಭೂಮಿಕಾ ಆಯಿತು. ಮಾತಾಡುವವರು ಯಾವ ಹೆಸರು ಹೇಳುತ್ತಾರೆ ಅನ್ನುವುದರಲ್ಲೇ ಅವರ ವಯಸ್ಸು ಗೊತ್ತಾಗುತ್ತೆ.

ಆಮೇಲೆ ಕಾಗದ. ಮನೆಯ ಟ್ರಂಕಿನಲ್ಲಿ ಹಳೇ ಲಗ್ನಪತ್ರಿಕೆಗಳಿದ್ದರೆ ಬಿಸಾಡಬೇಡಿ. ಛತ್ರದ ವಿಳಾಸದ ಕೆಳಗೆ ‘ಇಂಥ ಟಾಕೀಸಿನ ಎದುರು’, ‘ಇಂಥ ಹೋಟೆಲಿನ ಹಿಂಭಾಗ’ ಅಂತ ಇರುತ್ತೆ, ಜೊತೆಗೆ ದಿನಾಂಕ ಇರುತ್ತೆ. ಒಂದು ಕಟ್ಟಡ ಆ ದಿನ ಅಲ್ಲಿತ್ತು ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ಅಂಗಡಿ ಬಿಲ್ಲು, ಶಾಲೆಯ ಗ್ರೂಪ್ ಫೋಟೋ, ಬಾಡಿಗೆ ಕರಾರು, ಇವೆಲ್ಲ ಇದೇ ಜಾತಿ. ಇನ್ನೂ ಹಿಂದಕ್ಕೆ ಹೋಗಬೇಕು ಅಂದರೆ ಬಿ.ಎಲ್. ರೈಸ್ ಮತ್ತು ಹಯವದನ ರಾವ್ ಅವರ ಗೆಜೆಟಿಯರ್‌ಗಳಿವೆ, ಅಂದರೆ ಊರು, ಜಾಗಗಳ ವಿವರ ಬರೆದಿಟ್ಟ ಪುಸ್ತಕಗಳು.

ಕೆರೆ ಹುಡುಕುವವರಿಗೆ ಕೈಯಲ್ಲೇ ಒಂದು ಸಾಧನ ಇದೆ. ಸರ್ಕಾರದ ದಿಶಾಂಕ್ ಆ್ಯಪ್. ನೀವು ನಿಂತ ಜಾಗದ ಸರ್ವೆ ನಂಬರ್, ಹಳೇ ಗ್ರಾಮದ ಹೆಸರು ತೋರಿಸುತ್ತೆ. ಅದನ್ನು ಗ್ರಾಮ ನಕ್ಷೆಯ ಪಕ್ಕ ಇಟ್ಟು ನೋಡಿದರೆ ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಮಳೆಗಾಲದಲ್ಲಿ ನೀರು ಯಾಕೆ ನುಗ್ಗುತ್ತೆ ಅನ್ನೋದು ಕೆಲವು ಸಲ ಅಲ್ಲೇ ಗೊತ್ತಾಗುತ್ತೆ. ರಾಜಕಾಲುವೆಯ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆಯ ಗೆರೆ ನಿಮ್ಮ ಪಾರ್ಕಿಂಗ್ ಮೇಲೇ ಹಾದುಹೋಗಿರುತ್ತೆ.

ಕೆಲವೊಮ್ಮೆ ನೆಲವೇ ಬಾಯಿ ಬಿಡೋದೂ ಉಂಟು. ಬೆಂಗಳೂರು ಕೋಟೆಯ ಹೆಚ್ಚಿನ ಭಾಗ ಕೆಡವಿ, ಕಂದಕ ಮುಚ್ಚಿ, ಆ ಬಯಲಲ್ಲಿ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಶುರು ಮಾಡಿದರು. ಉಳಿದಿದ್ದು ದಿಲ್ಲಿ ಬಾಗಿಲಿನ ಒಂದು ತುಂಡು. ಅದೇ ಪ್ರದೇಶದಲ್ಲಿ, ಕೆ.ಆರ್. ಮಾರ್ಕೆಟ್ ಹತ್ತಿರ, 2012ರಲ್ಲಿ ಮೆಟ್ರೋಗೆ ಅಗೆಯುವಾಗ ಹಳೇ ಫಿರಂಗಿಗಳು ಸಿಕ್ಕವು. ಕೋಟೆ ಎಷ್ಟು ದೂರ ಹಬ್ಬಿತ್ತು ಅನ್ನೋ ಅಂದಾಜು ಆ ದಾರಿಯಲ್ಲಿ ದಿನಾ ಹೂವು ಕೊಳ್ಳುವವರಿಗೂ ಆಗ ಬಂದಿರಬೇಕು.

ಇದೆಲ್ಲ ಬರೆದಿಡಬೇಕು ಅನ್ನಿಸಿದರೆ ಟಾಕೀಸಿನಿಂದ ಶುರು ಮಾಡಬೇಡಿ. ಅದಕ್ಕೆ ಜನ ಇದ್ದಾರೆ. ನಿಮ್ಮ ಬೀದಿಯಲ್ಲಿ ಮಿಲ್ಲಿನಲ್ಲೋ ಕಾರ್ಖಾನೆಯಲ್ಲೋ ದುಡಿದು ರಿಟೈರ್ ಆದವರು ಒಬ್ಬರಾದರೂ ಇರುತ್ತಾರೆ. ಬಹುಶಃ ಎಂಬತ್ತರ ಹತ್ತಿರ ಹತ್ತಿರ. ‘ಆಗಿನ ಕಾಲ ಹೇಗಿತ್ತು ಅಜ್ಜ?’ ಅಂತ ಕೇಳಿದರೆ ‘ಚೆನ್ನಾಗಿತ್ತಪ್ಪ’ ಅಂದು ಮುಗಿಸುತ್ತಾರೆ. ಬೆಳಗಿನ ಶಿಫ್ಟಿಗೆ ಮನೆಯಿಂದ ಎಷ್ಟು ಹೊತ್ತಿಗೆ ಹೊರಡುತ್ತಿದ್ದಿರಿ, ಯಾವ ಗೇಟಿನಿಂದ ಒಳಗೆ ಹೋಗುತ್ತಿದ್ದಿರಿ, ಸೈಕಲ್ ಎಲ್ಲಿ ನಿಲ್ಲಿಸುತ್ತಿದ್ದಿರಿ, ಸಂಬಳದ ದಿನ ಗೇಟಿನ ಹೊರಗೆ ಯಾರು ಯಾರು ಕಾಯುತ್ತಿದ್ದರು ಅಂತ ಕೇಳಿ. ಒಂದು ಹಾಳೆ ಕೊಟ್ಟು ದಾರಿ ಬರೆದು ತೋರಿಸಿ ಅನ್ನಿ. ಹಾಳೆಯ ಮೂಲೆಯಲ್ಲಿ ಅವರ ಹೆಸರು, ಆ ದಿನದ ತಾರೀಖು ಬರೆದಿಡೋದನ್ನು ಮರೆಯಬೇಡಿ.